ಹಾಜರಿ

ಕುರಿ ರೊಪ್ಪ ಸೇರಿದ ಮೇಲೆ ನಮ್ಮ ಶಾಲೆ.
ಏಳೂವರೆ ಅಂತ ಬಾಗಿಲ ಮೇಲೆ ಬರೆದವಳು ನಾನು,
ಗಡಿಯಾರ ಇರುವುದೂ ನನ್ನೊಬ್ಬಳ ಹತ್ತಿರವೇ.

ಮೊಖೊಟ್ಲೊಂಗಿನ ಮೇಲಣ ಕಣಿವೆ, ಕಲ್ಲುಗೋಡೆ,
ಒಂದು ಸೀಮೆಎಣ್ಣೆ ದೀಪ, ಹದಿನಾಲ್ಕು ಹುಡುಗರು.
ದೊಣ್ಣೆಗಳನ್ನು ಹೊಸ್ತಿಲ ಬಳಿ ಒರಗಿಸಿ ಬರುತ್ತಾರೆ,
ಕಣ್ಣಷ್ಟೇ ಕಾಣುವ ಟೋಪಿ, ಗಂಟಲವರೆಗೆ ಕಂಬಳಿ.
ಕೋಣೆ ತುಂಬ ಒದ್ದೆ ಉಣ್ಣೆಯ ವಾಸನೆ.
ಮೊದಲ ತಿಂಗಳು ತಲೆನೋವು. ಈಗ ಭಾನುವಾರ
ಆ ವಾಸನೆಯಿಲ್ಲದೆ ನನಗೆ ಕೈ ಓಡುವುದಿಲ್ಲ.

ಮೊಹಾಪಿಗೆ ಹತ್ತೊಂಬತ್ತು. ಹನ್ನೊಂದು ವರ್ಷದಿಂದ ಕುರಿಯ ಹಿಂದೆ.
ಬರೆಯುವ ಮೊದಲು ಪ್ರತಿ ಅಕ್ಷರವನ್ನೂ
ಮೂಗಿನಲ್ಲಿ ಗುನುಗುತ್ತಾನೆ, ಬೇಡವೆಂದರೂ.
ನೂರರ ತನಕ ಎಣಿಕೆ ಎರಡೇ ವಾರದಲ್ಲಿ ಕಲಿತ.
ಒಂದು ರಾತ್ರಿ ಬಂದವನೇ, ಕೂರದೆ ಅಂದ:
"ಮ್ಮೆ," (ಇಲ್ಲಿ ಟೀಚರಿಗೂ ಅಮ್ಮನಿಗೂ ಅದೇ ಮಾತು)
"ನಿಮ್ಮ ಲೆಕ್ಕ ಸುಳ್ಳು ಹೇಳುತ್ತೆ.

ಎಂಬತ್ತಮೂರು ಇರಬೇಕು. ಎಂಬತ್ತಮೂರೇ ಇತ್ತು.
ಎರಡು ಸಲ ಎಣಿಸಿ, ನಿಮ್ಮನ್ನು ನೆನೆದು,
ರೊಪ್ಪದ ಬಾಯಿಗೆ ಕಲ್ಲಿಟ್ಟು ಮಲಗಿದೆ.
ನಿದ್ದೆ ಹತ್ತಲಿಲ್ಲ. ಒಂದು ಕೆಮ್ಮು ಕೇಳಿಸುತ್ತಿಲ್ಲ.
ಎದ್ದು ನೋಡಿದರೆ
ಎಡಗಿವಿ ಹರಿದ ಮುದುಕಿ ಇಲ್ಲ,
ಅವಳ ಜಾಗದಲ್ಲಿ ಪಕ್ಕದವರ ಕೊಬ್ಬಿದ ಟಗರು!
ಮೊದಲು ನನಗೆ ಎಣಿಕೆ ಬರುತ್ತಿರಲಿಲ್ಲ,
ಒಂದೂ ಕಳೆಯುತ್ತಿರಲಿಲ್ಲ."

ಹುಡುಗರು ನಕ್ಕರು. ನಾನೂ ನಕ್ಕೆ.
ಉತ್ತರ ತೋಚದಾಗ ಟೀಚರು ನಗುವುದು ಒಂದು ಪದ್ಧತಿ.
ಆಮೇಲೆ ಕೇಳಿದೆ: ಮುದುಕಿ ಸಿಕ್ಕಳೇ?
"ಹಳ್ಳದಲ್ಲಿ, ಹೊಟ್ಟೆಯವರೆಗೆ ಹಿಮ.
ಹೊತ್ತು ತಂದೆ. ಈಗ ಕೆಮ್ಮುತ್ತಾಳೆ, ಚೆನ್ನಾಗಿ."

ಜುಲೈ, ಕಡುಚಳಿ. ಕುದುರೆ ಏರಿ ಇಲಾಖೆಯವರು ಬಂದರು.
ತುಟಿ ಒಡೆದಿತ್ತು ಪಾಪ, ಚಹಾ ಕೊಟ್ಟೆ.
ಎಷ್ಟು ಮಂದಿ? ಹದಿನಾಲ್ಕು, ಅಂದೆ.
ಅವರೂ ಗಾಳಿಯಲ್ಲಿ ಪೆನ್ನು ಕುಣಿಸಿ
ಹದಿನಾಲ್ಕು ಅಂದರು, ಸಹಿ ಹಾಕಿದರು,
ಮುಖಂಡರ ಮನೆಗೆ ಮಲಗಲು ಹೋದರು.

ಬೋರ್ಡಿಗೆ ತಿರುಗಿ ಬರೆಯುತ್ತಿದ್ದೆ.
ಬೆನ್ನ ಹಿಂದೆ ಏನೋ ಕೇಳಿಸುತ್ತಿಲ್ಲ.
ಬಳಪ ನಿಂತಿತು.

ದೀಪ ಎತ್ತಿಕೊಂಡು ಸಾಲಿನ ನಡುವೆ ನಡೆದೆ.
ಮೊಹಾಪಿಯ ಜಾಗ, ಮೊಹಾಪಿಯ ಕಂಬಳಿ,
ಹೆಬ್ಬೆರಳ ಬಳಿ ಬಿರಿದ ಅದೇ ಬೂಟು.
ಒಳಗೆ ಮಾತ್ರ ಹತ್ತು ವರ್ಷದ ಬೇರೆ ಕಣ್ಣು.
"ತ್ಲಾಲಿ," ಅಂದಿತು ಕಂಬಳಿ. "ತಮ್ಮ.
ಅಣ್ಣ ಸೋಮವಾರ ಗಡಿ ದಾಟಿದ, ಯಾರದೋ ತೋಟಕ್ಕೆ.
ಜಾಗ ಖಾಲಿ ಬಿಡಬೇಡ, ಮ್ಮೆ ಎಣಿಸುತ್ತಾರೆ, ಅಂದಿದ್ದ."

ಬೈಯಬೇಕಿತ್ತು.
ದೊಡ್ಡ ಬೂಟಿನೊಳಗೆ ತುರುಕಿದ ಚಿಂದಿ ನೋಡಿ ಸುಮ್ಮನಾದೆ.

ಪುಸ್ತಕ ತೆಗೆದು ಕೆಳಗೊಂದು ಗೆರೆ ಎಳೆದೆ: ತ್ಲಾಲಿ.
ಮೇಲಿನ ಹೆಸರು ಹೊಡೆಯಲಿಲ್ಲ.
ಈಗ ಪುಸ್ತಕದಲ್ಲಿ ಹದಿನೈದು, ಕೋಣೆಯಲ್ಲಿ ಹದಿನಾಲ್ಕು.
ಇಲಾಖೆ ಕೇಳಿದರೆ ತಪ್ಪು ನನ್ನದು.

ತ್ಲಾಲಿಯ ಪಕ್ಕ ಕೂತು ಶುರು ಮಾಡಿದೆ.
ಹೇಳು, ಒಂದು.
ಹುಡುಗ ನನ್ನನ್ನೇ ನೋಡಿದ.
"ಯಾವುದು?" ಅಂದ.