ನೀರಿನ ಟ್ಯಾಂಕಿಗೆ ಕಟ್ಟಿದ ಡಬ್ಬಿ

ಮುಹರಕ್ಕಿನ ಈ ಮೂರನೇ ಮಾಳಿಗೆಯಲ್ಲಿ
ಆರು ಜನಕ್ಕೆ ಒಂದು ಬಚ್ಚಲು.
ಗುರುವಾರ ರಾತ್ರಿ ಹತ್ತರ ಮೇಲೆ ಅದು ಲಾದ್ರುವಿನದು.
ಹೊಟ್ಟೆ ಕೆಟ್ಟವರು ಮೊದಲೇ ಹೇಳಿಬಿಡಬೇಕು.

ಏಸಿ ರಿಪೇರಿಯವ. ಕೈಗೆ ಸಿಕ್ಕಿದ್ದು ಬಿಡುವವನಲ್ಲ.
ಸೈಕಲ್ಲಿನ ಹಿಂದಿನ ದೀಪ ಅವನ ಕೆಂಪು ಬಲ್ಬು.
ವಾಷಿಂಗ್ ಮೆಷಿನ್ನಿನಿಂದ ಕಿತ್ತ ಟೈಮರು
ಮೂವತ್ತು ಸೆಕೆಂಡು ಎಣಿಸಿ, ಹಳೆಯ ಚಾಳಿ ಬಿಡದೆ,
ಬಟ್ಟೆ ಹಿಂಡುವ ಹಾಗೆ ಒಮ್ಮೆ ನಡುಗಿ ನಿಲ್ಲುತ್ತದೆ.
ಚಿತ್ರ ದೊಡ್ಡದು ಮಾಡುವ ಯಂತ್ರದ ತಲೆ
ಮೂತಿ ಕೊಯ್ದ ಕಹ್ವಾ ಕೆಟಲು;
ಕೆಳಗೆ ನನ್ನ ಮುರುಕು ಇಸ್ತ್ರಿ ಮೇಜು.

ಬರೀ ಮೇಜಲ್ಲ, ನನ್ನ ಪಾಲು ಬೇರೆಯೂ ಉಂಟು.
ಅಬಾಯ ಹೊಲಿದು ಉಳಿದ ಕಪ್ಪು ಬಟ್ಟೆ,
ಎರಡು ಪದರ, ಎರಡು ತೋಳು, ತುದಿಗೆ ಇಲಾಸ್ಟಿಕ್:
ಕತ್ತೇ ಇಲ್ಲದ ಒಂದು ಅಂಗಿ ಹೊಲಿದುಕೊಟ್ಟೆ.
ಕೈ ತೂರಿಸಿ ಒಳಗೆ ರೀಲು ಸುತ್ತುತ್ತಾನೆ, ಕಣ್ಣು ಮುಚ್ಚಿ;
ಎಮ್ಮೆಯ ಹೆರಿಗೆ ಮಾಡಿಸುವಾಗ ನನ್ನಜ್ಜಿಗೆ ಇದೇ ಮುಖ.
"ಬೆಳಕು ಸೋರುತ್ತದೆ ಮಾರಾಯ, ಸೂಜಿ ತೂತಿನಲ್ಲಿ" ಅಂದ.
ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೊಲಿಗೆಗೆ
ಇಂಥ ದೂರು ಯಾರೂ ಹೇಳಿರಲಿಲ್ಲ.
ಬಿಚ್ಚಿ, ಮಡಚಿ, ಮತ್ತೆ ಹೊಲಿದೆ.

ನೀಲಿ ಅಚ್ಚಿಗೆ ಮಾತ್ರ ಬಚ್ಚಲು ಬೇಡ.
ಕೋರಾ ಬಟ್ಟೆಯ ಚೂರಿಗೆ ಎಂಥದೋ ಹಸಿರು ಬಳಿದು
ಮೇಲೆ ಊಟ ಮಾಡಿ ಉಳಿದ ಮೀನಿನ ಮುಳ್ಳು, ಮೇಲೆ ಗಾಜು.
ಊರಲ್ಲಿ ಹತ್ತು ನಿಮಿಷ ಬೇಕಂತೆ, ಇಲ್ಲಿ ಎರಡು.
"ಬಿಸಿಲಿಗೆ ಸಂಬಳವಿಲ್ಲ, ದುಡಿಸು."

ಜುಲೈಯಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು.
ಅವನ ಔಷಧಿಗೆ ಬೇಕಾದ್ದು ಇಪ್ಪತ್ತೇ ಡಿಗ್ರಿ.
ಏನು ಮಾಡಿದ ಕೇಳಿ:
ಕಿಟಕಿಯ ಏಸಿಗೆ ಪೈಪು ಸಿಕ್ಕಿಸಿ
ತೊಟ್ಟಿಕ್ಕುವ ನೀರಿಗೆ ಬಕೆಟು ಇಟ್ಟ.
ಉಪ್ಪಿಲ್ಲ, ಸುಣ್ಣವಿಲ್ಲ, ಯಾವ ಬಾವಿಯದೂ ಅಲ್ಲ.
"ಆರು ಜನರ ಉಸಿರು, ಬೆವರು,
ಏಸಿ ಹಿಂಡಿಕೊಟ್ಟದ್ದು."
ಈ ರೂಮಿನ ಮುಖಗಳೆಲ್ಲ
ಅದರಲ್ಲೇ ತೇಲಿಬಂದವು.

ಇದಿನಬ್ಬನ ವೀಸಾ ಮುಗಿಯಲು ಆರು ತಿಂಗಳಿದ್ದಾಗ
ಸೋಡಾ ಕ್ಯಾನಿನ ತಗಡಿಗೆ ತೂತು ಹೊಡೆದು
(ಸೂಜಿ ನನ್ನದು, ಒಂಬತ್ತನೇ ನಂಬರು)
ಹಾಲುಪುಡಿಯ ಡಬ್ಬಿಗೆ ಅಂಟಿಸಿದ. ಒಳಗೆ ಕಾಗದ.
ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಕಟ್ಟಿ
"ಮುಟ್ಟಬೇಡಿ, ಅದು ನೋಡುತ್ತಾ ಇದೆ" ಅಂದ.

ಅದರ ಎದುರೇ ಬಟ್ಟೆ ಒಣಹಾಕಿದೆವು, ಇಸ್ಪೀಟು ಆಡಿದೆವು,
ಫೋನಿನಲ್ಲಿ ಹೆಂಡಂದಿರೊಡನೆ ಜಗಳವಾಡಿ
ಮತ್ತೆ ನಾವೇ ಫೋನು ಮಾಡಿದೆವು.
ಇದಿನಬ್ಬ ಮಗಳ ಮದುವೆಯ ಲೆಕ್ಕ ಬರೆಯುತ್ತಾ
ಒಂದೇ ಮೂಲೆಯಲ್ಲಿ ಗಂಟೆಗಟ್ಟಲೆ ಕೂತ.
"ನಾನಾದರೂ ಬರುತ್ತೇನೆ ನೋಡು. ಅಲುಗಾಡುವುದಿಲ್ಲವಲ್ಲ."

ಅವನು ಹೋದ ಮುಂದಿನ ವಾರ ಡಬ್ಬಿ ಬಿಚ್ಚಿದೆವು.
ಮಿನಾರು ಬಂದಿದೆ. ಡಿಶ್ಶು ಬಂದಿದೆ.
ಹಗ್ಗ ಬಂದಿದೆ, ಬಟ್ಟೆ ಬಂದಿಲ್ಲ.
ಆಕಾಶದಲ್ಲಿ ಸೂರ್ಯ ದಿನಕ್ಕೊಂದು ಗೆರೆ ಎಳೆದಿದ್ದಾನೆ,
ಒತ್ತೊತ್ತಾಗಿ, ಕಮಾನು ಕಮಾನಾಗಿ;
ನಡುವೆ ಎಳೆ ತಪ್ಪಿದ್ದು ದೂಳೆದ್ದ ಮೂರು ದಿನ.
ನೂರೆಂಬತ್ತು ದಿನದಲ್ಲಿ
ನಾವು ಯಾರೂ ಇಲ್ಲ.

ಆ ಮೂಲೆಯಲ್ಲಿ ಒಂದಿಷ್ಟು ಮಸುಕು ಉಂಟು.
ತೇವ ಇಳಿದದ್ದು, ಅನ್ನುತ್ತಾನೆ ಲಾದ್ರು.
ನಾನು ವಾದ ಮಾಡಲಿಲ್ಲ.

ಇದನ್ನು ಔಷಧಿಯಲ್ಲಿ ತೊಳೆಯುವ ಹಾಗಿಲ್ಲವಂತೆ.
ಬೆಳಕಿಗೆ ಹಿಡಿದು ನೋಡಿದಷ್ಟೂ ಮಾಸುತ್ತದಂತೆ.
ಹಾಗಾಗಿ ಕತ್ತಿಲ್ಲದ ಅಂಗಿಯ ಒಳಗೇ ಇಟ್ಟಿದ್ದೇವೆ.

ನಿನ್ನೆ ಉಳ್ಳಾಲದಿಂದ ಫೋನು.
ಮದುವೆಯ ಸುದ್ದಿ, ಮಂಡಿನೋವು, ಮೀನಿನ ರೇಟು, ಎಲ್ಲ ಆಗಿ
"ನಾನು ಬಂದಿದ್ದೇನಾ?" ಅಂದ ಇದಿನಬ್ಬ.
ತೋಳಿನಲ್ಲಿ ಕೈ ತೂರಿಸಿ
ಕತ್ತಲಲ್ಲಿ ಆ ಮೂಲೆ ಮುಟ್ಟಿ ನೋಡಿ
ಉಂಟು, ಅಂದೆ.