ಬಳುವಳಿ ಪಟ್ಟಿ

ಏಳು ಕುದುರೆ, ಒಂದು ಹೆಣ್ಣಾನೆ, ಕಂಚಿನ ಹಂಡೆ ನಾಲ್ಕು,
ಆಮೇಲೆ ನಾನು, ಆಮೇಲೆ ಉಪ್ಪಿನ ಮೂಟೆ.
ಕರಣಿಕ ಬರೆದ ಕ್ರಮ ಅದು.
ರೆಬ್ಬಲದೇವಿ ಪಟ್ಟಿಯಲ್ಲಿ ಇರಲಿಲ್ಲ,
ಅವಳಿಗಾಗಿಯೇ ಪಟ್ಟಿ.

ಕಡಲ ದಂಡೆಯಿಂದ ಕೊಪಣದ ಸೀಮೆಗೆ ಹತ್ತೊಂಬತ್ತು ದಿನ.
ಹನ್ನೊಂದರ ಹುಡುಗಿ ಮೇನೆಯ ಪರದೆ ಸರಿಸಿ
"ದೇಕವ್ವಾ, ಇಲ್ಲಿ ನೀರಿಗೆ ಸದ್ದೇ ಇಲ್ಲವಲ್ಲ" ಅಂದಳು.
ಬಂಡೆ ತೋರಿಸಿದೆ. ಇನ್ನೇನು ತೋರಿಸಲಿ?

ಅತ್ತೆ ನಕ್ಕಳು, ಮೂಗಿನಲ್ಲಿ ಆಡುವ ಮಾತು ಇವಳದು ಅಂತ.
ಗಡಿ ಜಗಳಕ್ಕೆ ಹೋಗುತ್ತಿದ್ದ ಗಂಡ
ಒಮ್ಮೆ ಗಾಯದೊಂದಿಗೆ ಬಂದ, ಒಮ್ಮೆ ಸವತಿಯೊಂದಿಗೆ,
ಕೊನೆಗೆ ಬರೀ ಕತ್ತಿ ಬಂತು.
ಐದರ ಮಗನನ್ನು ತೊಡೆಯ ಮೇಲಿಟ್ಟುಕೊಂಡು
ಸುಂಕದ ಲೆಕ್ಕ ಕೇಳಿದಳು, ಕೆರೆ ತೂಬಿನ ವ್ಯಾಜ್ಯ ಕೇಳಿದಳು,
ತೌರಿನಿಂದ ದಂಡೆತ್ತಿ ಬಂದ ಅಣ್ಣನಿಗೆ
ಕೋಟೆ ಬಾಗಿಲು ತೆಗೆಯಲಿಲ್ಲ.
ಆ ರಾತ್ರಿ ಮಾತ್ರ ಮತ್ತೆ ಮೂಗಿನಲ್ಲಿ ಮಾತಾಡಿದಳು,
ನಿದ್ದೆಯಲ್ಲಿ.

ಮಗ ಬೆಳೆದ.
ಸಭೆಯಲ್ಲಿ ತಾಯಿಯೂ ಕೈಮುಗಿದು ನಿಲ್ಲಬೇಕೆಂದ.

ಈಗ ಕೊಪಣದ ಬೆಟ್ಟ. ಅನ್ನ ಬಿಟ್ಟು ಹದಿನೆಂಟು ದಿನ,
ನೀರು ಬಿಟ್ಟು ಇವತ್ತಿಗೆ ಎರಡು.
ಕಲ್ಲುಕುಟಿಗ ಮೆಟ್ಟಿಲೇರಿ ಬಂದು ನನ್ನನ್ನೇ ಕೇಳಿದ,
ಯಾರ ಮಗಳು ಅಂತ ಕೆತ್ತಲಿ?
ಅಪ್ಪನ ಹೆಸರು ಹೇಳಿದೆ. ಅಣ್ಣನದು ಬೇಡ ಅಂದೆ.
ಉಪ್ಪಿನ ಮೂಟೆಯ ಹಿಂದುಮುಂದಿನವರ ಮಾತಿಗೆ
ಶಾಸನದಲ್ಲಿ ಇಷ್ಟು ಬೆಲೆ.

ಕೆಳಗೆ ಉಳಿಯ ಸದ್ದು.
ಕಣ್ಣು ತೆರೆಯದೆ ಕೇಳುತ್ತಾಳೆ,
"ಅಲೆಯೇನೇ?"

ಹೌದು, ಅನ್ನುತ್ತೇನೆ.
ಸುಳ್ಳಾಡಬಾರದ ಬೆಟ್ಟ ಇದು, ಗೊತ್ತು.
ವ್ರತ ಅವಳದು. ನನ್ನದಲ್ಲ.