ಟ್ರಯಲ್

ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಮೂರು ಹೊಗೆ.
ಭತ್ತದ ಹೊಟ್ಟಿನದು ಕಪ್ಪು,
ಚಮನ್‌ಸಾಬರ ಬೀಡಿಯದು ಬೂದಿ,
ಮೂರನೆಯದು ನೀಲಿ:
ಟೂ-ಟಿ ಆಯಿಲ್ ಸುಟ್ಟು ಸೈಲೆನ್ಸರಿನಿಂದ ಬರುವ,
ಮೂಗಿಗೆ ಸಿಹಿ, ಅಂಗಿಗೆ ವಾರಗಟ್ಟಲೆ ಅಂಟುವ ನೀಲಿ.
ಅವ್ವ ಒಗೆಯುತ್ತ ಬಯ್ಯುತ್ತಿದ್ದಳು,
"ಅನ್ನ ಉಣ್ತೀಯೋ, ಎಣ್ಣೆ ಕುಡೀತೀಯೋ?"

ಎಂಬತ್ತೇಳನೇ ಇಸವಿ. ನನಗೆ ಹದಿನೇಳು.
ಹತ್ತಿ ಮಂಡಿ ಮುರಿಗೆಪ್ಪನವರ ಮಗ ಚಂದ್ರಮೌಳಿ
ಆರ್‌ಡಿ ತ್ರೀ-ಫಿಫ್ಟಿ ತಂದು ನಿಲ್ಲಿಸಿದರೆ
ಬಿಸಿ ಮರಳಲ್ಲಿ ಅಕ್ಕಿ ಸಿಡಿಸುವ ಹೆಂಗಸರು
ಜರಡಿ ಕೆಳಗಿಟ್ಟು ನೋಡುವರು.
ಎರಡು ಸಿಲಿಂಡರು, ಆರು ಗೇರು,
ಹುಟ್ಟು ಜಪಾನಿನದು, ಹೊಟ್ಟೆ ಗೌಡರದು:
ಲೀಟರಿಗೆ ಇಪ್ಪತ್ತು ಕಿಲೋಮೀಟರು, ಅದೂ ಮನಸ್ಸಿದ್ದರೆ.
ಮುರಿಗೆಪ್ಪನವರು ಅದಕ್ಕಿಟ್ಟ ಹೆಸರು
"ಎರಡನೇ ಸೊಸೆ".

ಚಮನ್‌ಸಾಬರ ಹತ್ತಿರ ಮೀಟರು ಗೀಟರು ಇರಲಿಲ್ಲ.
ಕಿವಿ ಇತ್ತು.
ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿ ಕಿವಿಗೆ, ಕಣ್ಣು ಮುಚ್ಚಿ,
"ಎಡಗಡೇದು ಮುನಿಸ್ಕೆಂಡೈತಿ" ಎನ್ನುವರು.
ಕಾರ್ಬೊರೇಟರಿನ ಸ್ಕ್ರೂ ಕಾಲು ಸುತ್ತು.
ಅರ್ಧ ಕಾಲು ಹಿಂದಕ್ಕೆ.
ಎರಡು ದನಿ ಒಂದಾದಲ್ಲಿ ಕೈ ತಾನೇ ನಿಲ್ಲುವುದು.
ಆಮೇಲೆ ಬೀಗದಕೈ ಗಾಳಿಯಲ್ಲಿ ಎಸೆದು,
"ಟ್ರಯಲ್ ನೋಡ್ಕೆಂಡು ಬಾರಲೇ ಕೊಟ್ರೇಶಿ."

ಟ್ರಯಲ್ಲೆಂದರೆ ಪಿ.ಬಿ. ರಸ್ತೆ, ಬಾತಿ ಗುಡ್ಡದ ತನಕ.
ಊರು ದಾಟುವವರೆಗೆ ಸಂಭಾವಿತ.
ಆಮೇಲೆ ನಾಲ್ಕನೇ ಗೇರಿನಲ್ಲಿ
ಮುಳ್ಳು ಆರು ಸಾವಿರ ಮುಟ್ಟುತ್ತಲೇ
ಯಾರೋ ಬೆನ್ನಿಗೆ ಅಂಗೈಯಿಟ್ಟು ನೂಕಿದ ಹಾಗೆ.
ಬ್ರೇಕು? ಅದನ್ನು ಕೇಳಬಾರದು.
ಅದಿತ್ತು, ದೇವರಿದ್ದ ಹಾಗೆ.

ಆರ್‌ಎಕ್ಸ್ ಹಂಡ್ರೆಡ್, ಸಮುರಾಯ್, ಕೆಬಿ, ಶೋಗನ್,
ಎಲ್ಲವನ್ನೂ ಓಡಿಸಿದ್ದೇನೆ, ಹನ್ನೊಂದು ಕಿಲೋಮೀಟರಿನಂತೆ.
ಒಂದೂ ನನ್ನದಲ್ಲ.
ಪಕ್ಕದಲ್ಲಿ ನಿಂತ ಫೋಟೊ ಕೂಡ ಇಲ್ಲ.
ಬಲಗಾಲ ಮೀನಖಂಡದ ಮೇಲೆ
ಸೈಲೆನ್ಸರು ಸುಟ್ಟ ಗುರುತಿದೆ,
ಎರಡು ರೂಪಾಯಿ ನಾಣ್ಯದಷ್ಟು. ಅಷ್ಟೇ ನನ್ನ ಆರ್‌ಸಿ ಬುಕ್ಕು.

ಗಿರಣಿಗಳ ಸೈರನ್ ನಿಂತಿತು.
ನಾನು ಸರ್ಕಾರಿ ಬಸ್ಸಿನ ಡ್ರೈವರಾದೆ, ಹರಪನಹಳ್ಳಿ ರೂಟು.
ಚಂದ್ರಮೌಳಿ ಗಾಡಿ ಮಾರಿದರು, ಮರುಗಿದರು,
ಹತ್ತು ಪಟ್ಟು ಕೊಟ್ಟು ಅದನ್ನೇ ಹುಡುಕಿ ತಂದರು.
ಈಗ ಆದಿತ್ಯವಾರ ಬೆಳಗಾಗುವ ಮೊದಲೇ
ಡೊಳ್ಳುಹೊಟ್ಟೆಯ ಆರೇಳು ಮಂದಿ ಸೇರುತ್ತಾರೆ,
ದಾವಣಗೆರೆಯ ಸೆಕೆಯಲ್ಲಿ ಚರ್ಮದ ಜಾಕೀಟು,
ಕುತ್ತಿಗೆಗೆ ಡಾಕ್ಟರು ಕೊಟ್ಟ ಪಟ್ಟಿ.
ಟ್ಯಾಂಕು ಸವರುತ್ತ ಹೇಳುತ್ತಾರೆ,
"ಈ ಜಿಲ್ಲೆ ಹುಟ್ಟೋಕ್ಮುಂಚಿನದು ಕಣ್ರೀ ಇದು."

ಚಮನ್‌ಸಾಬರಿಗೆ ಕೇಳಿಸುವುದಿಲ್ಲ.
ಐವತ್ತು ವರ್ಷ ಕೇಳಿದ್ದನ್ನೇ ಕೇಳಿ
ಕಿವಿ ಎರಡೂ ತುಂಬಿಹೋದವು.
ಹೋದ ವಾರ ಆರ್‌ಡಿ ಮುಷ್ಕರ ಹೂಡಿತ್ತು.
ಮುದುಕ ಅದೇ ಸ್ಕ್ರೂಡ್ರೈವರ್ ತೆಗೆದರು,
ತುದಿ ಇಂಜಿನ್ನಿಗಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು.
ಉಳಿದಿರುವುದು ಆರೇ ಹಲ್ಲು, ಗೇರಿಗೊಂದರಂತೆ.
ಯಾರೂ ಉಸಿರೆತ್ತಲಿಲ್ಲ.
ದವಡೆಯ ಮೂಳೆಯಲ್ಲಿ ಅದು ಮಾತಾಡಿತೋ ಏನೋ,
ಗಲ್ಲದ ಬಿಳಿ ಕೂದಲು ನಡುಗಿದವು.
ಕಾಲು ಸುತ್ತು. ಅರ್ಧ ಕಾಲು ಹಿಂದಕ್ಕೆ.
ಎರಡು ದನಿ ಒಂದಾಯಿತು.

ಆಮೇಲೆ ಬೀಗದಕೈ ಎಸೆದರು.
ಚಂದ್ರಮೌಳಿ ಕೈಚಾಚಿದರು. ಅದು ನನ್ನ ಕಡೆ ಬಂತು.
ಅವರು ಏನೋ ಅನ್ನಲು ಹೋಗಿ, ಸುಮ್ಮನಾದರು.

ಬಾತಿ ಗುಡ್ಡ ಮುಟ್ಟಿ ತಿರುಗಿದೆ.
ಮುಳ್ಳು ಆರು ಸಾವಿರ. ಬೆನ್ನ ಮೇಲೆ ಅದೇ ಅಂಗೈ.
ಆಮೇಲೊಮ್ಮೆ ಕೆಮ್ಮು, ಮತ್ತೊಮ್ಮೆ. ನಿಂತಿತು.
ಪೆಟ್ರೋಲು.

ನಲ್ಲಿ ರಿಸರ್ವಿಗೆ ತಿರುಗಿಸಬಹುದಿತ್ತು.
ಒಂದು ಬೆರಳಿನ ಕೆಲಸ.

ಇಳಿದು, ಹ್ಯಾಂಡಲ್ ಹಿಡಿದು, ನೂಕುತ್ತ ಬಂದೆ,
ನಾಲ್ಕು ಕಿಲೋಮೀಟರು, ಬಿಸಿಲೇರುವವರೆಗೆ.
ದಾರಿಯಲ್ಲಿ ಯಾರೋ ಕೇಳಿದರು:
"ಗಾಡಿ ನಿಮ್ಮದಾ?"
ತಲೆ ಆಡಿಸಿದೆ.
ಹೌದೆಂದೋ ಅಲ್ಲವೆಂದೋ ಅವರಿಗೆ ತಿಳಿದಿರಲಾರದು.

ಓಣಿಯಲ್ಲಿ ಚಮನ್‌ಸಾಬರು ಇಂಜಿನ್ ಮೇಲೆ ಅಂಗೈಯಿಟ್ಟರು.
ತಣ್ಣಗಿತ್ತು.
ಬಗ್ಗಿ ನಲ್ಲಿ ನೋಡಿದರು, ನನ್ನನ್ನು ನೋಡಿದರು.
ಯಾರಿಗೂ ಕಾಣದ ಹಾಗೆ
ಅದನ್ನು ರಿಸರ್ವಿಗೆ ತಿರುಗಿಸಿ
ಬೀಡಿ ಹಚ್ಚಿದರು.